ಲೇಸರ್ ಯಂತ್ರಕ್ಕಿಂತ ಅದನ್ನು ಹಿಡಿದ ಕೈ ದೊಡ್ಡದು

ಬಂಗು, ಬೇಡದ ಕೂದಲು, ಮೊಡವೆ ಕಲೆ, ಹಳೇ ಹಚ್ಚೆ... ಎಲ್ಲದಕ್ಕೂ ಈಗ ಲೇಸರ್ ಹೆಸರೇ ಕೇಳಿಬರುತ್ತದೆ. ಮಗಳ ಮುಖಕ್ಕೆ ಲೇಸರ್ ಮಾಡಿಸಬೇಕು ಅನ್ನುವ ಅವ್ವಂದಿರಿಗೂ, ಮಗಳನ್ನೇ ಚರ್ಮದ ಡಾಕ್ಟರ್ ಮಾಡಬೇಕು ಅನ್ನುವ ಅವ್ವಂದಿರಿಗೂ ಇಲ್ಲಿದೆ ಒಂದಿಷ್ಟು ಕಿವಿಮಾತು.

"ಮಾರಿ ಯಾಕವ್ವಾ ಹಿಂಗ ಕಪ್ಪ ಬಿದ್ದೈತಿ? ಏನರೆ ಹಚ್ಚಬಾರದಾ?"

ಮದುವೆ ಮನೆಯಲ್ಲೋ, ಸಂತೆಯಲ್ಲೋ ಸಿಕ್ಕ ಚಿಗವ್ವ, ವೈನಿ ಹೀಗೆ ಕೇಳಿಬಿಡುತ್ತಾರೆ. ಕೇಳಿದವರು ಮನೆ ಮುಟ್ಟುವುದರೊಳಗೆ ಮರೆತಿರುತ್ತಾರೆ. ಕೇಳಿಸಿಕೊಂಡ ಹುಡುಗಿಗೆ ಮಾತ್ರ ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುತ್ತದೆ. ಅಲ್ಲಿಂದ ಶುರು ನೋಡಿ ಓಡಾಟ. ಮೊದಲು ಮೆಡಿಕಲ್ ಶಾಪಿನ ಟ್ಯೂಬು, ಆಮೇಲೆ ಪಾರ್ಲರಿನ ಬ್ಲೀಚು, ಅದೂ ಆಗದಿದ್ದರೆ ಮೊಬೈಲಿನಲ್ಲಿ ಜಾಹೀರಾತು ಕಂಡ ಲೇಸರ್!

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಲ್ಲಿ ಈಗ ಎರಡು ಬಗೆಯ ಪ್ರಶ್ನೆಗಳಿವೆ. ಒಂದು, ಮದುವೆ ಗೊತ್ತಾದ ಮಗಳಿಗೆ ಲೇಸರ್ ಮಾಡಿಸಬಹುದೇ ಎಂಬುದು. ಇನ್ನೊಂದು, ಹೊಸರಿತ್ತಿಯಂಥ ಊರಲ್ಲಿ ಓದುತ್ತಿರುವ ಹುಡುಗಿಯದು. "ನಾನು ಸ್ಕಿನ್ ಡಾಕ್ಟರ್ ಆಗಬೇಕು, ಲೇಸರ್ ಕಲೀಬೇಕು" ಎಂದು ಅವಳು ಹಟ ಹಿಡಿದರೆ ಅವ್ವ-ಅಪ್ಪನಿಗೆ ಗಾಬರಿ. ಇದೇನು ಡಾಕ್ಟರಿಕೆಯೋ, ಪಾರ್ಲರ್ ಕೆಲಸವೋ?

ಎರಡು ಪ್ರಶ್ನೆಗೂ ಉತ್ತರ ಮಾತ್ರ ಒಂದೇ. ಲೇಸರ್ ಎಂಬುದು ಬರೀ ಯಂತ್ರ. ಅದರ ಹಿಂದೆ ಹತ್ತು ವರ್ಷ ಓದಿ, ಸಾವಿರಾರು ರೋಗಿಗಳ ಚರ್ಮ ನೋಡಿ ಪಳಗಿದ ಕೈ ಇದ್ದರೆ ಅದು ಔಷಧಿ. ಇಲ್ಲದಿದ್ದರೆ ಅದು ಬೆಂಕಿ. ಆ ಕೈ ಹೇಗೆ ತಯಾರಾಗುತ್ತದೆ ಎಂದು ತಿಳಿದುಕೊಂಡರೆ, ಯಾರ ಮುಂದೆ ಮುಖ ಒಡ್ಡಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಲೇಸರ್ ಅಂದರೆ ಏನು?

ಲೇಸರ್ ಅಂದರೆ ಒಂದೇ ಬಣ್ಣದ, ಒಂದೇ ದಿಕ್ಕಿನಲ್ಲಿ ಸಾಗುವ ಬಲವಾದ ಬೆಳಕು. ಅಮೆರಿಕದ ಥಿಯೋಡರ್ ಮೈಮನ್ 1960ರಲ್ಲಿ ಮೊದಲ ಲೇಸರ್ ಬೆಳಗಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮತಜ್ಞ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ, ಹಚ್ಚೆಯ ಮೇಲೆ ಪ್ರಯೋಗಿಸಿ ನೋಡಿದರು. ಗೋಲ್ಡ್‌ಮನ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರು ಎಂಬುದನ್ನು ಗಮನಿಸಿ. 1964ರಲ್ಲಿ ಬಂದ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ನರುಳ್ಳೆ ಸುಡುವುದಕ್ಕೆ, ಮೊಡವೆ ಗುಳಿ ತುಂಬಿಸುವುದಕ್ಕೆ ಇಂದಿಗೂ ಆ ಲೇಸರ್ ಬಳಕೆಯಲ್ಲಿದೆ.

ಆದರೆ ಮೊದಮೊದಲ ಲೇಸರುಗಳು ಬೇಕಾದ್ದನ್ನೂ ಬೇಡವಾದ್ದನ್ನೂ ಕೂಡಿಯೇ ಸುಡುತ್ತಿದ್ದವು. ಚಿಕಿತ್ಸೆ ಆದ ಮೇಲೆ ಕಲೆ ಉಳಿಯುತ್ತಿತ್ತು. 1983ರಲ್ಲಿ ಹಾರ್ವರ್ಡ್‌ನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಒಂದು ಸರಳ ಸೂತ್ರ ಕೊಟ್ಟರು. ಚರ್ಮದ ಒಂದೊಂದು ಅಂಶವೂ ಒಂದೊಂದು ಬಣ್ಣದ ಬೆಳಕನ್ನು ಹೆಚ್ಚು ಹೀರುತ್ತದೆ. ಕೂದಲಿನ ಕಪ್ಪಿಗೆ ಒಂದು ಬೆಳಕು, ರಕ್ತದ ಕೆಂಪಿಗೆ ಇನ್ನೊಂದು. ಸರಿಯಾದ ಬೆಳಕನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬಿಟ್ಟರೆ, ಬೇಡದ್ದು ಮಾತ್ರ ಬಿಸಿಯಾಗಿ ಸಾಯುತ್ತದೆ. ಪಕ್ಕದ ಚರ್ಮ ತಣ್ಣಗಿರುತ್ತದೆ. ಇವತ್ತಿನ ಕೂದಲು ತೆಗೆಯುವ ಲೇಸರ್, ಹಚ್ಚೆ ತೆಗೆಯುವ ಲೇಸರ್ ಎಲ್ಲವೂ ನಿಂತಿರುವುದು ಈ ಸೂತ್ರದ ಮೇಲೆಯೇ.

ನಮ್ಮ ಕಂದು ಚರ್ಮದ ಲೆಕ್ಕವೇ ಬೇರೆ

ಇಲ್ಲೇ ಇದೆ ಸೂಕ್ಷ್ಮ. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ನಮ್ಮ ಚರ್ಮದಲ್ಲೂ ಇದೆ. ಬಿಳಿಯರ ಚರ್ಮದಲ್ಲಿ ಅದು ಕಡಿಮೆ, ನಮ್ಮದರಲ್ಲಿ ಹೆಚ್ಚು. ಹೀಗಾಗಿ ಲೇಸರ್ ಬೆಳಕಿಗೆ ಕೂದಲೂ ಒಂದೇ, ನಮ್ಮ ಮೇಲ್ಚರ್ಮವೂ ಒಂದೇ! ಬಿಳಿ ಚರ್ಮಕ್ಕೆ ಹೇಳಿಸಿದ ಅಳತೆಯಲ್ಲಿ ನಮಗೆ ಲೇಸರ್ ಹೊಡೆದರೆ ಚರ್ಮ ಸುಡುತ್ತದೆ, ಗುಳ್ಳೆ ಏಳುತ್ತದೆ. ಗಾಯ ಮಾಯ್ದ ಮೇಲೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಕೆಲವೊಮ್ಮೆ ಬಿಳಿ ಮಚ್ಚೆಯಂತೆ ಬಣ್ಣವೇ ಹೋಗಿಬಿಡುತ್ತದೆ. ಕಲೆ ತೆಗೆಸಲು ಹೋಗಿ ಹೊಸ ಕಲೆ ತಂದುಕೊಂಡ ಹಾಗೆ.

ಅಮೆರಿಕದ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮತಜ್ಞರು 1975ರಲ್ಲಿ ಶುರುಮಾಡಿದ ವಿಂಗಡಣೆಯಲ್ಲಿ ಈಗ ಚರ್ಮಕ್ಕೆ ಆರು ಬಗೆ. ನಮ್ಮಲ್ಲಿ ಹೆಚ್ಚಿನವರದು ನಾಲ್ಕು ಮತ್ತು ಐದನೇ ಬಗೆ. ಇಂಥ ಚರ್ಮಕ್ಕೆ ಆಳಕ್ಕೆ ಇಳಿಯುವ, ಮೇಲ್ಚರ್ಮದ ಮೆಲನಿನ್ ಅಷ್ಟಾಗಿ ಹೀರದ ಬೆಳಕು ಬೇಕು. 1064 ನ್ಯಾನೊಮೀಟರಿನ ಎನ್‌ಡಿ-ಯಾಗ್, 800-810ರ ಡಯೋಡ್ ಲೇಸರುಗಳನ್ನು ನಮ್ಮಲ್ಲಿ ಹೆಚ್ಚು ಬಳಸುವುದು ಇದಕ್ಕಾಗಿ. ಜೊತೆಗೆ ಚರ್ಮ ತಣ್ಣಗಿಡುವ ವ್ಯವಸ್ಥೆ ಇರಬೇಕು, ಶಕ್ತಿ ಕಡಿಮೆಯಿಂದ ಶುರುವಾಗಬೇಕು, ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಬೇಕು. ಇದೆಲ್ಲ ಗುಂಡಿ ಒತ್ತುವ ಕೆಲಸ ಅಲ್ಲ. ಚರ್ಮ ಓದುವ ಕೆಲಸ.

ಡಾಕ್ಟರ್ ತಯಾರಾಗುವುದು ಹೇಗೆ?

ನಿಮ್ಮ ಮಗಳು ಈ ದಾರಿ ಹಿಡಿಯಬೇಕು ಅಂತಿದ್ದಾಳೆ ಎಂದಿಟ್ಟುಕೊಳ್ಳಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕೇ ಬೇಕು. ಆಮೇಲೆ ನೀಟ್ ಪರೀಕ್ಷೆ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೊದಲೆಲ್ಲ ಇದಕ್ಕೆ ಹುಬ್ಬಳ್ಳಿ, ದಾವಣಗೆರೆ, ಬಳ್ಳಾರಿ ಎಂದು ಮನೆ ಬಿಟ್ಟು ಹೋಗಬೇಕಿತ್ತು. ಈಗ ಹಾವೇರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಆಗಿದೆ. ವರದಾ ನದಿ ದಂಡೆಯ ಹೊಸರಿತ್ತಿ ಓದಿಗೆ ಹೊಸತಾದ ಊರೇನಲ್ಲ. ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿ ಅವರ ಊರದು, ಗಾಂಧಿ ಗ್ರಾಮೀಣ ಗುರುಕುಲ ಇರುವ ಊರು. ಅಲ್ಲಿನ ಹುಡುಗಿ ಜಿಲ್ಲಾ ಕೇಂದ್ರದಲ್ಲೇ ಡಾಕ್ಟರಿಕೆ ಓದುವ ಕಾಲ ಬಂದಿದೆ ಎಂಬುದೇ ಸಮಾಧಾನದ ವಿಷಯ.

ಎಂಬಿಬಿಎಸ್ ಮುಗಿದ ಮೇಲೆ ನೀಟ್ ಪಿಜಿ. ಚರ್ಮ ವಿಭಾಗಕ್ಕೆ ಸೀಟು ಸಿಗುವುದು ಸುಲಭ ಅಲ್ಲ. ಮೇಲಿನ ರ‍್ಯಾಂಕಿನವರೇ ಮುಗಿಬಿದ್ದು ತೆಗೆದುಕೊಳ್ಳುವ ವಿಷಯ ಇದು. ರಾತ್ರಿ ಪಾಳಿ, ತುರ್ತು ಕೇಸು ಉಳಿದ ವಿಭಾಗಗಳಿಗಿಂತ ಕಡಿಮೆ ಎಂಬ ಕಾರಣಕ್ಕೂ ಹೆಣ್ಣುಮಕ್ಕಳು ಇದನ್ನು ಇಷ್ಟಪಡುತ್ತಾರೆ. ಎಂಡಿ ಮೂರು ವರ್ಷ. ಪದವಿಯ ಪೂರ್ತಿ ಹೆಸರು ನೋಡಿ: ಚರ್ಮರೋಗ, ಲೈಂಗಿಕ ರೋಗ ಮತ್ತು ಕುಷ್ಠರೋಗ. ಲೇಸರ್, ಬ್ಯೂಟಿ ಎಂಬ ಪದ ಆ ಹೆಸರಿನಲ್ಲಿ ಎಲ್ಲೂ ಇಲ್ಲ!

ಇದರಲ್ಲೇ ಇದೆ ಗುಟ್ಟು. ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗದ ಹೊರರೋಗಿ ಕೋಣೆ ಎಂದಾದರೂ ನೋಡಿದ್ದೀರಾ? ಗಜಕರ್ಣ, ಕಜ್ಜಿ, ತೊನ್ನು, ಸೋರಿಯಾಸಿಸ್, ಸ್ಪರ್ಶಜ್ಞಾನ ಕಳೆದುಕೊಂಡ ಕುಷ್ಠದ ಮಚ್ಚೆ, ಮಾತ್ರೆ ಒಗ್ಗದೆ ಮೈಯೆಲ್ಲ ಸುಲಿದ ರೋಗಿ... ಬೆಳಗಿನಿಂದ ಸಾಲು ನಿಂತಿರುತ್ತದೆ. ಮೂರು ವರ್ಷ ಆ ಸಾಲು ನೋಡಿದ ವೈದ್ಯೆಗೆ ಮುಖದ ಮೇಲಿನ ಕಪ್ಪು ಚುಕ್ಕೆ ಕಂಡರೆ ಅದು ಬಂಗೋ, ಹುಟ್ಟು ಮಚ್ಚೆಯೋ, ಕ್ಯಾನ್ಸರಿನ ಮೊದಲ ಗುರುತೋ ಎಂಬ ಅನುಮಾನ ಮೊದಲು ಬರುತ್ತದೆ. ಯಂತ್ರ ಆಮೇಲೆ. ವಾರದ ತರಬೇತಿ ಪಡೆದು ಲೇಸರ್ ಹಿಡಿದವರಿಗೆ ಬರೀ ಚುಕ್ಕೆ ಕಾಣುತ್ತದೆ. ಮಚ್ಚೆ ಸುಟ್ಟುಬಿಟ್ಟರೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಎಂಡಿ ಮುಗಿದ ಮೇಲೆ ಲೇಸರ್, ಚರ್ಮದ ಶಸ್ತ್ರಚಿಕಿತ್ಸೆ, ಸೌಂದರ್ಯ ಚಿಕಿತ್ಸೆ ಕಲಿಯಲು ಫೆಲೋಶಿಪ್ ಮಾಡಬಹುದು. ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಇಂಥ ಫೆಲೋಶಿಪ್‌ಗಳನ್ನು ನಡೆಸುತ್ತದೆ. ಪಾಠ ಹೇಳುವ ಆಸೆ ಇದ್ದರೆ ಒಂದು ವರ್ಷ ಸೀನಿಯರ್ ರೆಸಿಡೆಂಟ್, ಅಲ್ಲಿಂದ ಸಹಾಯಕ ಪ್ರಾಧ್ಯಾಪಕಿ. ನಾಲ್ಕು ವರ್ಷದ ಪಾಠ ಮತ್ತು ಪ್ರಕಟವಾದ ಸಂಶೋಧನಾ ಲೇಖನಗಳಿದ್ದರೆ ಸಹ ಪ್ರಾಧ್ಯಾಪಕಿ. ಇನ್ನೂ ಮೂರು ವರ್ಷಕ್ಕೆ ಪ್ರಾಧ್ಯಾಪಕಿ. ಲೆಕ್ಕ ಹಾಕಿ: ಹದಿನೆಂಟಕ್ಕೆ ಹೊರಟ ಹುಡುಗಿ ತಜ್ಞೆ ಆಗುವ ಹೊತ್ತಿಗೆ ಇಪ್ಪತ್ತೇಳು, ಇಪ್ಪತ್ತೆಂಟು. ಪ್ರಾಧ್ಯಾಪಕಿ ಆಗುವ ಹೊತ್ತಿಗೆ ಮೂವತ್ತೈದು ದಾಟಿರುತ್ತದೆ.

"ಅಯ್ಯೋ, ಅಲ್ಲೀತನಾ ಮದುವಿ ಯಾವಾಗ?" ಎನ್ನಬೇಡಿ. ಓದಿನ ನಡುವೆ ಮದುವೆ, ಬಾಣಂತನ ಮಾಡಿಕೊಂಡು ಮುಂದೆ ಹೋದವರು ಈ ವೃತ್ತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಒಂದು ಮಾತು. ನೀಟ್ ಪಿಜಿಗೆ ಓದುವ ವರ್ಷ ಅವಳನ್ನು ಗಂಡು ನೋಡುವ ಶಾಸ್ತ್ರಕ್ಕೆ, ಅಡುಗೆ ಮನೆಗೆ ಎಳೆಯಬೇಡಿ. ಆ ಒಂದು ವರ್ಷ ಕೈತಪ್ಪಿದರೆ ಎಷ್ಟೋ ಹೆಣ್ಣುಮಕ್ಕಳು ಎಂಬಿಬಿಎಸ್‌ಗೇ ನಿಂತುಬಿಡುತ್ತಾರೆ.

ಪಾಠ ಹೇಳುವ ವೈದ್ಯರು ಯಾಕೆ ಬೇಕು?

ಕ್ಲಿನಿಕ್ ಇಟ್ಟರೆ ದುಡ್ಡು ಬರುತ್ತದೆ, ಪಾಠ, ಸಂಶೋಧನೆ ಎಲ್ಲ ಯಾಕೆ ಅನ್ನಿಸಬಹುದು. ಕಾರಣ ಇದೆ. ಈ ಶತಮಾನದ ಶುರುವಿನಲ್ಲಿ ನಮ್ಮ ದೇಶಕ್ಕೆ ಲೇಸರ್ ಯಂತ್ರಗಳು ಒಂದರ ಹಿಂದೆ ಒಂದು ಬಂದವು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಇದ್ದದ್ದು ಹೆಚ್ಚಾಗಿ ಬಿಳಿ ಚರ್ಮದ ಲೆಕ್ಕ. ನಮ್ಮ ಚರ್ಮಕ್ಕೆ ಎಷ್ಟು, ಹೇಗೆ, ಯಾರು ಮಾಡಬೇಕು ಎಂದು ನಾವೇ ಬರೆದುಕೊಳ್ಳಬೇಕಿತ್ತು.

ಆ ಕೆಲಸದಲ್ಲಿ ಮುಂದೆ ನಿಂತವರಲ್ಲಿ ಬೆಂಗಳೂರಿನ ಡಾ. ವೆಂಕಟರಾಮ್ ಮೈಸೂರು ಒಬ್ಬರು. ಭಾರತದ ಚರ್ಮತಜ್ಞರ ಸಂಘ ಐಎಡಿವಿಎಲ್ ಚರ್ಮದ ಶಸ್ತ್ರಚಿಕಿತ್ಸೆಗೆಂದು ಒಂದು ಕಾರ್ಯಪಡೆ ಮಾಡಿತು. ಕೂದಲು ಕಡಿಮೆ ಮಾಡುವ ಲೇಸರ್, ಹಚ್ಚೆ ಮತ್ತು ಕಪ್ಪು ಮಚ್ಚೆಗಳ ಲೇಸರ್, ಕೆಮಿಕಲ್ ಪೀಲ್, ಕೂದಲು ಕಸಿ... ಒಂದೊಂದಕ್ಕೂ ಏನು ಕಲಿತಿರಬೇಕು, ರೋಗಿಗೆ ಮೊದಲೇ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಮಾರ್ಗಸೂಚಿಗಳು 2008, 2009ರಲ್ಲಿ ಸಂಘದ ಪತ್ರಿಕೆಯಲ್ಲಿ ಅಚ್ಚಾದವು. ಹಚ್ಚೆ ಲೇಸರಿನ ಮಾರ್ಗಸೂಚಿ ಬರೆದವರಲ್ಲಿ ಡಾ. ವೆಂಕಟರಾಮ್ ಒಬ್ಬರು. 2008ರಲ್ಲೇ ಶುರುವಾದ ಚರ್ಮ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆಯ ನಿಯತಕಾಲಿಕೆಗೆ ಅವರೇ ಸ್ಥಾಪಕ ಸಂಪಾದಕರು. ಮುಂದೆ ಇದೇ ವಿಷಯದ ಪಠ್ಯಪುಸ್ತಕವೂ ಅವರ ಸಂಪಾದಕತ್ವದಲ್ಲಿ ಬಂತು. ಅವರ ಕ್ಲಿನಿಕ್ಕಿನಲ್ಲಿ ಗುಣವಾದವರಷ್ಟೇ ಅಲ್ಲ, ಈ ಬರಹ ಓದಿ ಕಲಿತ ವೈದ್ಯರ ಕೈಯಲ್ಲಿ ಬೇರೆ ಬೇರೆ ಊರುಗಳಲ್ಲಿ ಗುಣವಾದವರನ್ನೂ ಅವರ ಲೆಕ್ಕಕ್ಕೆ ಸೇರಿಸಬೇಕು.

ಹೆಣ್ಣುಮಕ್ಕಳಿಗೂ ಇಲ್ಲಿ ಮಾದರಿ ಉಂಟು. ಕೆಮಿಕಲ್ ಪೀಲ್‌ನ ಮಾರ್ಗಸೂಚಿ ಬರೆದವರು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಪಾಠ ಹೇಳಿದ ಡಾ. ನೀತಿ ಖುಂಗರ್. ಅದು ಬಡವರು ಸಾಲು ನಿಲ್ಲುವ ಸರ್ಕಾರಿ ಆಸ್ಪತ್ರೆ! ಸೌಂದರ್ಯ ಚಿಕಿತ್ಸೆ ಅಂದರೆ ಸಿರಿವಂತರದ್ದೇ ಅಂತ ಯಾರು ಹೇಳಿದ್ದು? ಸುಟ್ಟ ಕಲೆ, ಹುಟ್ಟು ಮಚ್ಚೆ, ಮೊಡವೆ ಗುಳಿ ಬಡವರ ಮಕ್ಕಳಿಗೂ ಇರುತ್ತವೆ. ನಮ್ಮಲ್ಲಿ ಚರ್ಮರೋಗ ಪ್ರಾಧ್ಯಾಪಕರಾಗಿದ್ದ ಡಾ. ಎಸ್. ಸಚ್ಚಿದಾನಂದ ಅವರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. ಚರ್ಮದ ಡಾಕ್ಟರಿಕೆಯಿಂದ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಕಡ್ಡಿ ಮುರಿದಂತೆ ಹೇಳಿತು. ಕಾರ್ಯಾಗಾರದಲ್ಲಿ ಕೂತು, ಯೂಟ್ಯೂಬ್ ನೋಡಿ ಕಲಿತದ್ದು ಕೂದಲು ಕಸಿಯಂಥ ಸೌಂದರ್ಯ ಚಿಕಿತ್ಸೆ ಮಾಡಲು ಸಾಕಾಗುವುದಿಲ್ಲ ಎಂದು. ಇದನ್ನು ನೆನಪಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ನಮ್ಮ ಸೀಮೆಯ ಚರ್ಮವೇ ಒಂದು ಪಾಠ

ಚರ್ಮದ ಡಾಕ್ಟರ್ ಆಗುವವರಿಗೆ ಹಾವೇರಿ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನೇ ನೋಡಿ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಕಾಯಿ, ಅದರಿಂದ ತೆಗೆದ ಕೆಂಪು ಬಣ್ಣ ಲಿಪ್‌ಸ್ಟಿಕ್, ಉಗುರು ಬಣ್ಣಕ್ಕೂ ಹೋಗುತ್ತದೆ. ಆದರೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೈಗೆ ಸಿಗುವುದು ಉರಿ! ಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಕೈ ಉರಿದಾಗ ಬರೀ ನೀರು ಹಾಕಿ ತಿಕ್ಕಬೇಡಿ. ಮೊದಲು ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸೋಪಿನಿಂದ ತೊಳೆಯಿರಿ. ಕೆಲಸದ ಹೊತ್ತಿನಲ್ಲಿ ಕೈಗವಸು ಇದ್ದರೆ ಇನ್ನೂ ಒಳ್ಳೆಯದು.

ರಾಣೆಬೆನ್ನೂರು ಸುತ್ತ ಬೀಜೋತ್ಪಾದನೆ ಪ್ಲಾಟುಗಳಲ್ಲಿ ಹೂವಿಗೆ ಹೂವು ಕ್ರಾಸಿಂಗ್ ಮಾಡುವ ಕೆಲಸ ಬಹುತೇಕ ಹೆಣ್ಣುಮಕ್ಕಳದೇ. ಬಿಸಿಲಲ್ಲಿ ನಿಂತ ಮುಖದ ಮೇಲೆ ಕೆನ್ನೆ, ಹಣೆ, ಮೇಲ್ದುಟಿಗೆ ಬಂಗು ಹಬ್ಬುತ್ತದೆ. ಬದುವಿನ ಮೇಲೆ ಬೆಳೆದ ಕಾಂಗ್ರೆಸ್ ಗಿಡದ ಪುಡಿ ಗಾಳಿಗೆ ಹಾರಿ ಕೆಲವರಿಗೆ ಕಣ್ಣ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಎದ್ದು ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಟಿಕಳಿ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆ ಮೇಲೆ ಬಿಳಿ ಕಲೆ, ಕೂದಲಿನ ಬಣ್ಣದಿಂದ ನೆತ್ತಿ ತುರಿಕೆ... ಇದಕ್ಕೆಲ್ಲ ಲೇಸರ್ ಹೊಡೆದರೆ ಏನು ಪ್ರಯೋಜನ? ಕಾರಣ ಹುಡುಕಿ ತಪ್ಪಿಸುವುದೇ ಅರ್ಧ ಚಿಕಿತ್ಸೆ. ಎಂಡಿ ಓದುವವರೆಲ್ಲ ಒಂದು ಪ್ರಬಂಧ ಬರೆಯಲೇಬೇಕು. ಮೆಣಸಿನಕಾಯಿ ಅಂಗಳದ, ಬೀಜದ ಪ್ಲಾಟಿನ ಹೆಂಗಸರ ಚರ್ಮದ ಬಗ್ಗೆ ನಮ್ಮೂರಿನ ಹುಡುಗಿಯೇ ಬರೆದರೆ, ಅದಕ್ಕಿಂತ ಬೇಕೇ?

ಲೇಸರ್‌ಗೆ ಮುಂಚೆ ಟ್ಯೂಬ್ ತಿರುವಿ ನೋಡಿ

ಮುಖ ಹಾಳಾಗಲು ಇವತ್ತು ದೊಡ್ಡ ಕಾರಣ ಬಿಸಿಲೂ ಅಲ್ಲ, ವಯಸ್ಸೂ ಅಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದ ಟ್ಯೂಬು. "ಅಕ್ಕಾ, ಇದು ಹಚ್ಚಿದ ವಾರಕ್ಕೆ ಬೆಳ್ಳಗಾಗ್ತೈತಿ" ಎಂದು ಗೆಳತಿ ಕೊಟ್ಟ ಕ್ರೀಮಿನ ಹಿಂಬದಿ ಓದಿ. ಕ್ಲೊಬೆಟಾಸಾಲ್, ಬೀಟಾಮೆಥಸೋನ್, ಮೊಮೆಟಾಸೋನ್, ಫ್ಲುಯೊಸಿನೊಲೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಬೆಳ್ಳಗೆ, ನುಣ್ಣಗೆ ಆಗುವುದು ನಿಜ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ದೇಶದ ಹಲವು ಆಸ್ಪತ್ರೆಗಳ ಚರ್ಮತಜ್ಞರು ಇಂಥ ಮುಖಗಳ ಬಗ್ಗೆ 2011ರಲ್ಲೇ ಕೂಡಿ ಅಧ್ಯಯನ ಪ್ರಕಟಿಸಿದರು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಮೇಷ್ಟ್ರ ಸಂಶೋಧನೆ ನಿಮ್ಮ ಮನೆ ಬಾಗಿಲಿಗೆ ಬರುವುದು ಹೀಗೆ.

ಹೆಸರಿಲ್ಲದ, ತಯಾರಕರ ವಿಳಾಸ ಇಲ್ಲದ ಬೆಳ್ಳಗಾಗಿಸುವ ಕ್ರೀಮು ಇನ್ನೂ ಅಪಾಯ. ಕೆಲವದರಲ್ಲಿ ಪಾದರಸ ಇರುತ್ತದೆ. ಇಂಥ ಕ್ರೀಮು ಹಚ್ಚಿ ಕಿಡ್ನಿ ಕೆಟ್ಟ ಪ್ರಕರಣಗಳನ್ನು ಕೇರಳದ ಕೊಟ್ಟಕ್ಕಲ್‌ನ ವೈದ್ಯರು 2023ರಲ್ಲಿ ಬೆಳಕಿಗೆ ತಂದರು. ಸ್ಟೀರಾಯ್ಡ್ ಹಚ್ಚಿ ತೆಳುವಾದ ಮುಖಕ್ಕೆ ಲೇಸರ್ ಹೊಡೆದರಂತೂ ಕೇಳುವುದೇ ಬೇಡ. ಹಾಗಾಗಿ ಇಲ್ಲಿತನಕ ಏನೇನು ಹಚ್ಚಿದ್ದೀರೋ ಎಲ್ಲ ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಿ. ನಾಚಿಕೆ ಬೇಡ.

ಯಾವುದಕ್ಕೆ ಎಷ್ಟು ಆಸೆ ಇಟ್ಟುಕೊಳ್ಳಬೇಕು?

ಬೇಡದ ಕೂದಲು: ಗದ್ದ, ಮೇಲ್ದುಟಿಯ ಕಪ್ಪು, ದಪ್ಪ ಕೂದಲಿಗೆ ಲೇಸರ್ ಒಳ್ಳೆಯ ಫಲ ಕೊಡುತ್ತದೆ. ಆದರೆ ಒಂದೇ ಸಲಕ್ಕೆ ಆಗುವುದಿಲ್ಲ. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಆರೆಂಟು ಸಲವಾದರೂ ಬೇಕು. ವೈದ್ಯರು ಇದನ್ನು 'ಕೂದಲು ಕಡಿಮೆ ಮಾಡುವುದು' ಎನ್ನುತ್ತಾರೆಯೇ ಹೊರತು 'ಶಾಶ್ವತವಾಗಿ ತೆಗೆಯುವುದು' ಎನ್ನುವುದಿಲ್ಲ. ಬಿಳಿ ಕೂದಲಿಗೆ ಇದು ಕೆಲಸ ಮಾಡದು. ಮುಟ್ಟು ಏರುಪೇರಾಗಿ, ತೂಕ ಹೆಚ್ಚಿದ್ದರೆ ಮೊದಲು ಪಿಸಿಓಎಸ್ ಪರೀಕ್ಷೆ ಮಾಡಿಸಿ. ಹಾರ್ಮೋನು ಸರಿಯಾಗದೆ ಲೇಸರ್ ಮಾಡಿಸಿದರೆ ತೂತು ಕೊಡಕ್ಕೆ ನೀರು ಹಾಕಿದ ಹಾಗೆ.

ಬಂಗು: ಇದಕ್ಕೆ ಲೇಸರ್ ಮೊದಲ ಮದ್ದು ಅಲ್ಲವೇ ಅಲ್ಲ. ಶಾಖಕ್ಕೆ ಬಂಗು ಇನ್ನಷ್ಟು ಕಪ್ಪಾಗುವುದೂ ಉಂಟು. ಬಿಸಿಲು, ಬಸಿರು, ಗರ್ಭನಿರೋಧಕ ಗುಳಿಗೆ, ಮನೆತನದ ಗುಣ ಇವೇ ಕಾರಣಗಳು. ಛತ್ರಿ, ತಲೆ ಮುಚ್ಚುವ ಸೆರಗು, ಕನಿಷ್ಠ 30 ಎಸ್‌ಪಿಎಫ್ ಇರುವ ಸನ್‌ಸ್ಕ್ರೀನ್, ವೈದ್ಯರು ಬರೆದ ಮುಲಾಮು... ಇಷ್ಟರಲ್ಲೇ ಬಹಳಷ್ಟು ತಿಳಿಯಾಗುತ್ತದೆ. ತಾಳ್ಮೆ ಬೇಕು ಅಷ್ಟೇ.

ಹಚ್ಚೆ: ಕಪ್ಪು ಹಚ್ಚೆ ಹಲವು ಸಲ ಲೇಸರ್ ಮಾಡಿಸಿದರೆ ಮಸುಕಾಗುತ್ತದೆ. ಹಸಿರು, ಹಳದಿ ಬಣ್ಣ ಹಟಮಾರಿ.

ಮೊಡವೆ ಗುಳಿ: ಫ್ರ್ಯಾಕ್ಷನಲ್ ಲೇಸರ್‌ನಿಂದ ಗುಳಿ ತುಂಬುತ್ತದೆ, ಪೂರ್ತಿ ಮಾಯವಾಗುವುದಿಲ್ಲ. ಮೊಡವೆ ಏಳುತ್ತಿರುವಾಗಲೇ ಗುಳಿಗೆ ಚಿಕಿತ್ಸೆ ಬೇಡ. ಮೊದಲು ಮೊಡವೆ ನಿಲ್ಲಲಿ.

ಬಣ್ಣ: ಹುಟ್ಟಿದ ಬಣ್ಣಕ್ಕಿಂತ ಬೆಳ್ಳಗೆ ಮಾಡುವ ಲೇಸರ್ ಇಲ್ಲ. 1975ರಿಂದ ಮಾರುತ್ತಿದ್ದ ಹೆಸರುವಾಸಿ ಕ್ರೀಮು ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದ ಕಿತ್ತು ಹಾಕಿತು. ನಾವು ಮಾತ್ರ ಯಾಕೆ ಅದನ್ನೇ ಹಿಡಿದು ಕೂರಬೇಕು?

ಲೇಸರ್ ಕುರ್ಚಿಯಲ್ಲಿ ಕೂರುವ ಮೊದಲು ಕೇಳಿ

* ವೈದ್ಯರ ಹೆಸರಿನ ಮುಂದೆ ಚರ್ಮರೋಗದ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇದೆಯೇ? 'ಕಾಸ್ಮೆಟಾಲಜಿಸ್ಟ್' ಎಂಬ ಬೋರ್ಡು ನೋಡಿ ಮರುಳಾಗಬೇಡಿ.

* ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ? ಖಾಸಗಿ ಕ್ಲಿನಿಕ್ಕಿಗೆ ಕೆಪಿಎಂಇ ನೋಂದಣಿಯೂ ಇರಬೇಕು.

* ಲೇಸರ್ ಹಿಡಿಯುವವರು ಯಾರು? ಡಾಕ್ಟರೋ, ಸಹಾಯಕಿಯೋ? ಸಹಾಯಕಿ ಆದರೆ ಡಾಕ್ಟರ್ ಅದೇ ಕೋಣೆಯಲ್ಲಿ ಇರುತ್ತಾರೆಯೇ?

* ಇದು ಯಾವ ಲೇಸರ್? ನನ್ನಂಥ ಬಣ್ಣದವರಿಗೆ ಮಾಡಿದ್ದೀರಾ? ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡುತ್ತೀರಾ?

* ಒಟ್ಟು ಎಷ್ಟು ಸಲ, ಎಲ್ಲ ಸೇರಿ ಎಷ್ಟು ಖರ್ಚು? ಬರೆದು ಕೊಡುತ್ತೀರಾ? 'ಇವತ್ತೇ ಪ್ಯಾಕೇಜ್ ತಗೊಂಡ್ರೆ ಅರ್ಧ ಬೆಲೆ' ಎಂದರೆ ಎದ್ದು ಬನ್ನಿ.

* ಸುಟ್ಟರೆ, ಕಪ್ಪಾದರೆ ಏನು ಮಾಡುತ್ತೀರಿ? ಈ ಪ್ರಶ್ನೆಗೆ ಸಿಡುಕುವವರ ಹತ್ತಿರ ಹೋಗಲೇಬೇಡಿ.

* ಕಣ್ಣಿಗೆ ರಕ್ಷಣೆಯ ಕನ್ನಡಕ ಕೊಡುತ್ತಾರೆಯೇ? ಇಲ್ಲದೆ ಮುಖಕ್ಕೆ ಲೇಸರ್ ಬೇಡ.

ನೀವೂ ಕೆಲವು ಮಾತು ಮುಚ್ಚಿಡದೆ ಹೇಳಿ. ಬಸುರಿದ್ದೀರಾ, ಗಾಯ ಆದಲ್ಲಿ ಚರ್ಮ ಉಬ್ಬುವ ಗುಣ ಇದೆಯೇ, ತುಟಿ ಮೇಲೆ ಆಗಾಗ ನೀರುಗುಳ್ಳೆ ಏಳುತ್ತವೆಯೇ, ಮೊಡವೆಗೆ ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿದ್ದೀರಾ ಎಂಬುದು ವೈದ್ಯರಿಗೆ ಗೊತ್ತಿರಲೇಬೇಕು. ಹೊಲದ ಬಿಸಿಲಲ್ಲಿ ದುಡಿದು ಮೈ ಕಪ್ಪಾಗಿರುವ ಸುಗ್ಗಿಯ ದಿನಗಳಲ್ಲಿ ಲೇಸರ್ ಬೇಡ. ಕೂದಲಿನ ಲೇಸರ್‌ಗೆ ಮುಂಚೆ ವ್ಯಾಕ್ಸಿಂಗ್, ಥ್ರೆಡಿಂಗ್ ಮಾಡಿಸಬೇಡಿ. ಬೇರೇ ಇಲ್ಲದಿದ್ದರೆ ಬೆಳಕು ಹಿಡಿಯುವುದಾದರೂ ಏನನ್ನು? ಮಾಡಿಸಿಕೊಂಡ ಮೇಲೆ ಅರಿಶಿನ, ನಿಂಬೆರಸ, ಬ್ಲೀಚು ಯಾವುದೂ ಹಚ್ಚದೆ ವೈದ್ಯರು ಹೇಳಿದ್ದನ್ನಷ್ಟೇ ಹಚ್ಚಿ. ಬಿಸಿಲಿಗೆ ಮುಖ ಒಡ್ಡಬೇಡಿ. ಗುಳ್ಳೆ ಎದ್ದರೆ ಒಡೆಯದೆ ಅದೇ ದಿನ ವೈದ್ಯರಿಗೆ ತೋರಿಸಿ.

ಮದುವೆ ದಿನ ಗೊತ್ತಾದ ಮೇಲೆ ಹದಿನೈದು ದಿನ ಇರುವಾಗ ಲೇಸರ್‌ಗೆ ಓಡುವುದಂತೂ ಬೇಡವೇ ಬೇಡ. ಮಾಡಿಸಲೇಬೇಕು ಎಂದಿದ್ದರೆ ಆರೇಳು ತಿಂಗಳು ಮೊದಲೇ ಚರ್ಮತಜ್ಞರನ್ನು ಕಾಣಿ. ದುಡ್ಡಿನ ಅಡಚಣೆ ಇದ್ದರೆ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ. ಸಾಲು ಉದ್ದ ಇರಬಹುದು, ಗೋಡೆಗೆ ಬಣ್ಣ ಇಲ್ಲದಿರಬಹುದು. ಆದರೆ ಅಲ್ಲಿ ನಿಮ್ಮ ಮುಖ ನೋಡುವ ಕಲಿಕೆಯ ವೈದ್ಯರ ಹಿಂದೆ ಒಬ್ಬ ಪ್ರಾಧ್ಯಾಪಕರ ಕಣ್ಣು ಇರುತ್ತದೆ. ಒಬ್ಬರು ತಪ್ಪಿದರೆ ಇನ್ನೊಬ್ಬರು ತಡೆಯುತ್ತಾರೆ.

ಇನ್ನು ಡಾಕ್ಟರ್ ಆಗಬೇಕೆಂಬ ಮಗಳ ಮಾತು. ಅವಳಿಗೆ ಬಣ್ಣದ ಬೋರ್ಡಿನ ಕ್ಲಿನಿಕ್ ಕನಸಷ್ಟೇ ಇದ್ದರೆ ಹತ್ತು ವರ್ಷದ ಓದು ಭಾರ ಆಗುತ್ತದೆ. ಕುಷ್ಠದ ಮಚ್ಚೆ ಮುಟ್ಟಿ ನೋಡಲು ಹೇಸದ, ಮೆಣಸಿನಕಾಯಿ ಬಿಡಿಸುವ ಅವ್ವನ ಕೈ ಉರಿ ಯಾಕೆ ಎಂದು ಕೇಳುವ ಮನಸ್ಸಿದ್ದರೆ ಮಾತ್ರ ಹಿಂದೆ ಮುಂದೆ ನೋಡದೆ ಓದಿಸಿ. ನಮ್ಮ ಸೀಮೆಗೆ ಲೇಸರ್ ಯಂತ್ರ ನಾಳೆಯೇ ಬರಬಹುದು, ದುಡ್ಡು ಕೊಟ್ಟರೆ ಆಯಿತು. ಅದನ್ನು ಹಿಡಿಯುವ ಕೈ ಮಾತ್ರ ಹಾಗೆ ಬರುವುದಿಲ್ಲ. ಅದನ್ನು ನಾವೇ ಬೆಳೆಸಬೇಕು.